ಹಲಗೆಯ ಹಿಂದಿನ ಗೋಡೆ

ಕೊಲಂಬಸ್, ಒಹಾಯೊ
ಸೆಪ್ಟೆಂಬರ್ 9, 1996

ಪ್ರೀತಿಯ ಬರ್ನಿ,

ಮನೆಗೆ ಗಿರಾಕಿ ಸಿಕ್ಕಿದಾರೆ ಕಣೇ! ಫಾಗರ್ಟಿ ಅಂತ, ಗಂಡ ಕ್ರೇಗ್, ಹೆಂಡತಿ ಡೆನಿಸ್. ಸಣ್ಣ ವಯಸ್ಸು, ಕಂಕುಳಲ್ಲೊಂದು ಮಗು. ಅಡುಗೆಮನೆ ಕಿಟಕಿಯಿಂದ ನದಿ ಕಂಡಿದ್ದೇ ತಡ, ಆ ಹುಡುಗಿ ಮುಖ ಅರಳಿಹೋಯ್ತು ಅಂತ ಬ್ರೋಕರ್ ಡಫಿ ಫೋನ್ ಮಾಡಿ ಹೇಳಿದ. ನಾನು ಮೂವತ್ತು ವರ್ಷ ಆ ಕಿಟಕಿ ಮುಂದೆ ಪಾತ್ರೆ ತೊಳೆದೆ, ನದಿ ಕಡೆ ಎಷ್ಟು ಸಲ ನೋಡಿದ್ನೋ ದೇವರಿಗೇ ಗೊತ್ತು.

ಇಲ್ಲಿ ಶ್ಯಾರನ್ ಮನೇಲಿ ಊಟ ತಿಂಡಿಗೇನೂ ಕೊರತೆ ಇಲ್ಲ. ಮಲಗೋಕೆ ಮಾತ್ರ ಹೊಲಿಗೆ ಮಿಷನ್ ಇಟ್ಟಿರೋ ಕೋಣೆ. ಅಳಿಯ ಕೀತ್ ಅಂಗಿ ಇಸ್ತ್ರಿ ಮಾಡ್ಕೊಳ್ಳೋಕೆ ಅದೇ ಕೋಣೆಗೆ ಬರಬೇಕು. ಬಾಗಿಲು ತಟ್ಟಿ "ಕ್ಷಮಿಸಿ ಅತ್ತೆ" ಅಂತಾನೆ. ದಿನಾ ಬೆಳಿಗ್ಗೆ ಎದ್ದು ಅವನನ್ನ ಕ್ಷಮಿಸೋದೇ ನನ್ನ ಮೊದಲ ಕೆಲಸ. ಎರಡು ಬೀದಿ ಆಚೆ ಒಂದು ಪುಟ್ಟ ಫ್ಲ್ಯಾಟ್ ನೋಡಿಟ್ಟಿದೀನಿ. ನೆಲಮಟ್ಟದಲ್ಲೇ ಇದೆ, ಒಂದು ಮೆಟ್ಟಿಲೂ ಇಲ್ಲ. ನನ್ನ ಮಂಡಿಗೆ ಇನ್ನೇನು ಬೇಕು? ಡುಕೇನ್ ಮನೆ ಮಾರಿದ ಕೂಡಲೇ ಅದನ್ನ ತಗೋತೀನಿ. ಬಾಗಿಲಿಗೆ ಒಳಗಡೆಯಿಂದ ಚಿಲಕ ಹಾಕ್ಕೊಂಡು ಒಂದು ದಿನ ಪೂರ್ತಿ ಯಾರನ್ನೂ ಕ್ಷಮಿಸದೆ ಕೂತಿರ್ತೀನಿ.

ಆ ಫಾಗರ್ಟಿಗಳು ಮನೆ ತಪಾಸಣೆ ಮಾಡಿಸಿದ ಮೇಲೇ ಕೊಳ್ಳೋದಂತೆ. ಈಗಿನೋರು ಹಾಗೇ ತಾನೆ. ನಾವು ಕೊಂಡಾಗ ನನ್ನ ಗಂಡ ಆ್ಯಂಡಿ, ಪುಣ್ಯಾತ್ಮ, ಗೋಡೆಗೆ ಎರಡು ಸಲ ಗುದ್ದಿ "ಗಟ್ಟಿ ಇದೆ" ಅಂದ, ಅಷ್ಟೇ ತಪಾಸಣೆ. ಹೇಗೂ ಅದು ನಿನ್ನ ಕಸುಬು, ಡಫಿಗೆ ನಿನ್ನ ಹೆಸರು ಕೊಟ್ಟಿದೀನಿ. ಯಾವನೋ ಗೊತ್ತಿಲ್ಲದ ಗಂಡಸು ಬಂದು ನನ್ನ ಬೀರು ತೆಗೆದು ನೋಡೋದಕ್ಕಿಂತ ನೀನು ನೋಡೋದು ವಾಸಿ. ಆ ಮನೇಲಿ ನಿನ್ನ ಕಣ್ಣಿಗೆ ಗೊತ್ತಿಲ್ಲದ್ದು ಏನಿದೆ?

ನಿನ್ನ,
ಲೊರೆಟ್ಟಾ

* * *

ಡುಕೇನ್, ಪೆನ್ಸಿಲ್ವೇನಿಯಾ
ಸೆಪ್ಟೆಂಬರ್ 16, 1996

ಪ್ರೀತಿಯ ಲೊರೆಟ್ಟಾ,

ಕ್ರೇಗ್ ಫಾಗರ್ಟಿ ಫೋನ್ ಮಾಡಿದ್ದ. ಮನೆ ಮಾರುತ್ತಿರುವವಳು ನನ್ನ ಗೆಳತಿ, ಶಾಲೆಯ ಅಡುಗೆಮನೆಯಲ್ಲಿ ಅವಳೂ ನಾನೂ ಹದಿನೆಂಟು ವರ್ಷ ಒಟ್ಟಿಗೆ ಆಲೂಗೆಡ್ಡೆ ಸುಲಿದಿದ್ದೇವೆ ಎಂದು ಮೊದಲ ಮಾತಿಗೇ ಹೇಳಿಬಿಟ್ಟೆ. ಬೇಡ ಎನ್ನುತ್ತಾನೆ ಅಂದುಕೊಂಡಿದ್ದೆ. "ಮುಚ್ಚಿಡದೆ ಹೇಳಿದಿರಲ್ಲ, ನೀವೇ ಬನ್ನಿ" ಎಂದ.

ಈಗ ನಿನಗೂ ಒಂದು ಮಾತು ಹೇಳಬೇಕು. ಆ ದಿನ ನಾನು ಅವರ ಕಡೆಯವಳು. ಚಾವಣಿಯಿಂದ ನೆಲಮಾಳಿಗೆಯವರೆಗೆ ನೋಡುತ್ತೇನೆ. ಅಟ್ಟಕ್ಕೆ ಹತ್ತುತ್ತೇನೆ, ನಲ್ಲಿಗಳನ್ನೆಲ್ಲ ಬಿಡುತ್ತೇನೆ, ಸ್ವಿಚ್ಚುಗಳನ್ನು ಒತ್ತುತ್ತೇನೆ, ಮನೆ ಬೆಚ್ಚಗಿಡುವ ಫರ್ನೇಸ್ ಹಚ್ಚಿ ನೋಡುತ್ತೇನೆ. ಅರ್ಧ ದಿನದ ಕೆಲಸ. ಅವರಿಬ್ಬರೂ ನನ್ನ ಹಿಂದೆಯೇ ಇರುತ್ತಾರೆ. ಗೋಡೆ ಒಡೆಯುವುದಿಲ್ಲ, ಮೊಳೆ ಕೀಳುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಬರೆಯುತ್ತೇನೆ. ಇದರಲ್ಲಿ ಪಾಸು ಫೇಲು ಎಂಬುದಿಲ್ಲ. ಹಳೆಯ ಮನೆ ಎಂದ ಮೇಲೆ ಒಂದಷ್ಟು ದೋಷ ಇದ್ದೇ ಇರುತ್ತದೆ. ಅದನ್ನು ಸರಿ ಮಾಡಿಸಿಕೊಡಿ ಎನ್ನುತ್ತಾರೋ, ಬೆಲೆ ಇಳಿಸಿ ಎನ್ನುತ್ತಾರೋ, ಬಿಟ್ಟು ಹೋಗುತ್ತಾರೋ, ಅದು ಅವರಿಗೆ ಬಿಟ್ಟದ್ದು.

ನನ್ನ ಯಜಮಾನ ಲಿಯೋ ಹೋದ ಮೇಲೆ ಈ ಕೆಲಸವನ್ನು ಒಬ್ಬಳೇ ಮಾಡಿಕೊಂಡು ಬಂದಿದ್ದೇನೆ. ಬ್ರೋಕರುಗಳು ನನ್ನನ್ನು ಬೆನ್ನ ಹಿಂದೆ ಮನೆಮುರುಕಿ ಎನ್ನುತ್ತಾರೆ ಎಂದು ನಿನಗೆ ಗೊತ್ತೇ ಇದೆ. ನೀನೂ ನಾನೂ ಅದಕ್ಕೆ ನಕ್ಕಿದ್ದೇವೆ. ನಿನಗೆ ಸರಿಬರದಿದ್ದರೆ ಈಗಲೇ ಹೇಳು. ನಾನು ಬೇರೆಯವರ ಹೆಸರು ಕೊಟ್ಟು ಸುಮ್ಮನಾಗುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ಎಂದಿನಂತೆ,
ಬರ್ನಡೆಟ್

* * *

ಕೊಲಂಬಸ್
ಸೆಪ್ಟೆಂಬರ್ 20, 1996

ಬರ್ನಿ,

ಎಷ್ಟೊಂದು ಪೀಠಿಕೆ ಮಾರಾಯ್ತಿ! ನೋಡು, ಎಲ್ಲಾ ನೋಡು. ಅಟ್ಟದಲ್ಲಿ ನನ್ನ ಮದುವೆ ಟೋಪಿ ಸಿಕ್ಕಿದರೆ ಎತ್ತಿಡು.

ಲೊ.

* * *

ಡುಕೇನ್
ಅಕ್ಟೋಬರ್ 7, 1996

ಪ್ರೀತಿಯ ಲೊರೆಟ್ಟಾ,

ತಪಾಸಣೆಯ ವರದಿ ದುಡ್ಡು ಕೊಟ್ಟವರದ್ದು, ಅವರ ಅಪ್ಪಣೆಯಿಲ್ಲದೆ ನಾನು ಬಾಯಿ ಬಿಡುವಂತಿಲ್ಲ. ಕ್ರೇಗ್ ಇವತ್ತು ಅಪ್ಪಣೆ ಕೊಟ್ಟ. ಡಫಿಯ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು.

ಚಾವಣಿ ಚೆನ್ನಾಗಿದೆ. ಅಟ್ಟ ಒಣಗಿದೆ. ವೈರಿಂಗ್ ಹಳೆಯದು, ಅದು ದೊಡ್ಡ ವಿಷಯವಲ್ಲ. ಸೂರಿನ ದೋಣಿಯ ನೀರು ಮನೆಯ ಬೆನ್ನಿಗಿರುವ ಗುಡ್ಡದ ಕಡೆಗೆ, ಗೋಡೆಯ ಬುಡಕ್ಕೇ ಬೀಳುತ್ತಿದೆ. ಆಮೇಲೆ ನೆಲಮಾಳಿಗೆಗೆ ಇಳಿದೆವು. ಆ್ಯಂಡಿ ಅಲ್ಲಿ ಗೋಡೆಗೆ ಹೊದಿಸಿದ ಹಲಗೆ ಈಗಲೂ ಹೊಳೆಯುತ್ತದೆ. ಡೆನಿಸ್ ಅದರ ಮೇಲೆ ಕೈಯಾಡಿಸಿ "ಎಷ್ಟು ಚೆಂದ ಮಾಡಿದಾರೆ" ಎಂದಳು. ನನಗೆ ಹೆಮ್ಮೆಯೇ ಆಯಿತು.

ಗುಡ್ಡದ ಕಡೆಯ ಗೋಡೆಗೆ ಒತ್ತಿದ ಸೋಫಾವನ್ನು ಸರಿಸಿದೆವು. ಹಲಗೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು. ನೆಟ್ಟಗಿದೆಯೇ ಎಂದು ರಸಮಟ್ಟ ಇಟ್ಟೆ. ಗುಳ್ಳೆ ಒಂದು ತುದಿಗೆ ಓಡಿ ಅಲ್ಲೇ ನಿಂತಿತು.

"ತೇವಕ್ಕೆ ಹಲಗೆ ಉಬ್ಬಿರಬೇಕು, ಅಲ್ವಾ?" ಎಂದಳು ಡೆನಿಸ್. ಅಷ್ಟೇ ಆಗಿರಲಿ ಎಂದು ನನ್ನ ಮನಸ್ಸೂ ಹೇಳುತ್ತಿತ್ತು. ಫರ್ನೇಸ್ ಹಿಂದಿನ ಮೂಲೆಗೆ ಆ್ಯಂಡಿ ಹಲಗೆ ಹಾಕಿರಲಿಲ್ಲ. ಅಲ್ಲಿಗೆ ತೂರಿ ಟಾರ್ಚು ಬಿಟ್ಟೆ. ಸಿಮೆಂಟು ಇಟ್ಟಿಗೆಯ ಸಾಲಿನಲ್ಲಿ ಉದ್ದಕ್ಕೂ ಒಂದು ಬಿರುಕು, ಬೆರಳು ಹೋಗುವಷ್ಟು ಅಗಲ. ಅದು ಹಲಗೆಯ ಹಿಂದಕ್ಕೆ ಹೋಗಿದೆ. ಯಾರೋ ಒಮ್ಮೆ ಅದಕ್ಕೆ ಸಿಮೆಂಟು ತುಂಬಿದ್ದಾರೆ. ತುಂಬಿದ ಸಿಮೆಂಟೂ ಒಡೆದಿದೆ.

ಗುಡ್ಡ ಒಳಕ್ಕೆ ತಳ್ಳುತ್ತಿದೆ, ಲೊರೆಟ್ಟಾ. ಒಂದೊಂದು ಮಳೆಗೂ ಒಂದೊಂದಿಷ್ಟು.

ಕ್ರೇಗ್ ಕೇಳಿದ: "ನಿಮ್ಮ ಮಗಳೇ ಈ ಮನೆ ತಗೋತೀನಿ ಅಂದಿದ್ರೆ ಏನು ಹೇಳ್ತಿದ್ರಿ?" ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಯಾರಿಗೂ ಕೊಟ್ಟಿಲ್ಲ. ಇಂಜಿನಿಯರನ್ನು ಕರೆಸಿ ಗೋಡೆ ತೋರಿಸಿ ಎಂದೆ. ಅವರು ಕರೆಸಲಿಲ್ಲ. ಮನೆ ಬೇಡ ಎಂದರು.

ನಿನ್ನ ಟೋಪಿ ಸಿಕ್ಕಿತು. ನನ್ನ ಬಳಿ ಇದೆ.

ಬರ್ನಡೆಟ್

* * *

ಕೊಲಂಬಸ್
ಅಕ್ಟೋಬರ್ 15, 1996

ಬರ್ನಡೆಟ್,

ನಿನ್ನ ಕಾಗದ ಓದಿದೆ. ಶ್ಯಾರನ್ ಕೈಲೂ ಓದಿಸಿದೆ, ನನಗೇ ಏನೋ ತಪ್ಪು ಅರ್ಥ ಆಗಿರಬೇಕು ಅಂತ.

ಆ ಕೋಣೇಲಿ ನೀನು ಕುಣಿದಿದೀಯ. ಶ್ಯಾರನ್ ಮದುವೆ ದಿನ ಲಿಯೋ ಜೊತೆ ಪೋಲ್ಕಾ ಕುಣಿದು ಚಪ್ಪಲಿ ಹಿಮ್ಮಡಿ ಮುರ್ಕೊಂಡವಳು ನೀನೇ ತಾನೆ? ಆವತ್ತು ನಿನ್ನ ಕಣ್ಣಿಗೆ ಗೋಡೆ ಕಾಣಿಸಲಿಲ್ವಾ? ಆ್ಯಂಡಿ ಮಾಡಿದ ಎಲೆಕೋಸಿನ ಕಡುಬು ತಟ್ಟೆ ತುಂಬ ಹಾಕಿಸ್ಕೊಂಡು ಆ ಸೋಫಾ ಮೇಲೇ ಕೂತಿದ್ದೆ. ಈಗ ಅದನ್ನ ಎಳೆದು ಹಿಂದೆ ಟಾರ್ಚು ಬಿಡ್ತೀಯಾ?

ಆ್ಯಂಡಿ ದುಡೀತಿದ್ದ ಕಾರ್ಖಾನೆ ಮುಚ್ಚಿದ ಚಳಿಗಾಲ ನಿನಗೆ ಮರೆತುಹೋಗಿರಬಹುದು. ಲಿಯೋಗೆ ಕೆಲಸ ಇತ್ತು. ನನ್ನ ಗಂಡ ಬೆಳಿಗ್ಗೆ ಎದ್ದು ಊಟದ ಡಬ್ಬಿ ಕೈಗೆತ್ತಿಕೊಂಡು, ಬಾಗಿಲ ತನಕ ಹೋಗಿ, ಅಲ್ಲೇ ನಿಂತುಬಿಡ್ತಿದ್ದ. ಆಮೇಲೆ ಒಂದಿನ ಎಲ್ಲಿಂದಲೋ ಹಲಗೆ ತಂದ. ಆ ಚಳಿಗಾಲ ಪೂರ್ತಿ ಕೆಳಗೆ ಕೂತು ಒಂದೊಂದೇ ಹಲಗೆ ಉಜ್ಜಿ ಹೊಡೆದ. ಆ ಕೋಣೆ ಇರ್ಲಿಲ್ಲ ಅಂದ್ರೆ ಅವನು ಆಗಲೇ ಹೋಗಿಬಿಡ್ತಿದ್ದ. ಗೋಡೆ ಸರಿಯಿಲ್ಲ ಅಂತ ಅವನಿಗೆ ಗೊತ್ತಿತ್ತು. ಸಿಮೆಂಟು ತುಂಬಿದ್ದೂ ಅವನೇ. "ಇನ್ನು ಸುಮ್ನಿರತ್ತೆ ಬಿಡು" ಅಂದ. ಹನ್ನೆರಡು ವರ್ಷ ಸುಮ್ನೇ ಇತ್ತು. ನೀನು ಬಂದು ಎಬ್ಬಿಸಿದೆ.

ಫ್ಲ್ಯಾಟಿನವರಿಗೆ ಇನ್ನೊಂದಿಷ್ಟು ದಿನ ಕೊಡಿ ಅಂತ ಕೈ ಮುಗಿದು ಬಂದೆ. ಮನೆಮುರುಕಿ ಅಂತ ಅವರು ಸುಮ್ಮನೆ ಅಂತಾರಾ?

ಟೋಪಿ ನೀನೇ ಇಟ್ಕೋ.

ಲೊರೆಟ್ಟಾ ಹುಡಾಕ್

* * *

ಡುಕೇನ್
ನವೆಂಬರ್ 4, 1996

ಪ್ರೀತಿಯ ಲೊರೆಟ್ಟಾ,

ಆ್ಯಂಡಿಯ ಬಗ್ಗೆ ನಾನು ಒಂದು ಮಾತೂ ಬರೆದಿರಲಿಲ್ಲ. ಈಗಲೂ ಬರೆಯುವುದಿಲ್ಲ.

ಗೋಡೆಯ ಬಗ್ಗೆ ಬರೆಯುತ್ತೇನೆ. ಅದು ಸರಿಯಾಗದ ರೋಗವಲ್ಲ. ಒಳಗಡೆ ಉಕ್ಕಿನ ಕಂಬಗಳನ್ನು ಒತ್ತಾಗಿ ನಿಲ್ಲಿಸಿದರೆ ತಡೆಯುತ್ತದೆ. ಸೂರಿನ ನೀರನ್ನು ಆಚೆಗೆ ತಿರುಗಿಸಬೇಕು. ಇಂಥ ಹತ್ತು ಗೋಡೆಗಳನ್ನು ನಾನೂ ಲಿಯೋನೂ ನಿಲ್ಲಿಸಿದ್ದೇವೆ. ನಾನೇ ಹತ್ತಿರ ನಿಂತು ಮಾಡಿಸುತ್ತೇನೆ. ಹಲಗೆಗಳನ್ನು ಒಡೆಯದೆ ಬಿಚ್ಚಿ, ಮತ್ತೆ ಕೂರಿಸುವವರು ಗೊತ್ತಿದ್ದಾರೆ. ಮಾರುವುದು ನಾಲ್ಕು ತಿಂಗಳು ತಡವಾಗುತ್ತದೆ, ಅಷ್ಟೇ.

ಅದು ಬೇಡವಾದರೆ, ಮುಂದೆ ಬರುವವರಿಗೆ ಬಾಯಿಬಿಟ್ಟು ಹೇಳಿ ಕಡಿಮೆಗೆ ಮಾರು. ಗೊತ್ತಿದ್ದೂ ಹೇಳದೆ ಮಾತ್ರ ಮಾರಬೇಡ. ಇನ್ನು ಮುಂದೆ ನಿನಗೆ ಗೊತ್ತಿಲ್ಲ ಅನ್ನುವ ಹಾಗಿಲ್ಲ.

ನೀನು ಫೋನ್ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಬರ್ನಡೆಟ್

* * *

ಕೊಲಂಬಸ್
ಡಿಸೆಂಬರ್ 19, 1996

ಬರ್ನಡೆಟ್,

ಕ್ರಿಸ್‌ಮಸ್ ಶುಭಾಶಯ. ನೀನು ಕಳಿಸಿದ ಅಕ್ರೂಟಿನ ಸುರುಳಿ ರೊಟ್ಟಿ ಬಂತು. ಮಕ್ಕಳು ತಿಂದರು.

ಮನೆ ಮಾತಾಯ್ತು. ವನೀಟಾ ಬೀಸ್ಲಿ ಅಂತ ಶಾಲೆ ಮೇಷ್ಟರಮ್ಮ. ಅವಳ ಅಪ್ಪ ಎಲ್ಬರ್ಟ್ ಬಸ್ಸು ಓಡಿಸ್ತಿದ್ದವನಂತೆ, ಈಗ ಮನೇಲೇ ಇದಾನೆ. ಕೆಳಗಿನ ಕೋಣೆ ನೋಡಿ "ನನ್ನ ಟಿವಿಗೆ ಹೇಳಿ ಮಾಡಿಸಿದ ಹಾಗಿದೆ" ಅಂದನಂತೆ. ಆ್ಯಂಡಿ ಕೆಲಸಕ್ಕೆ ಬೆಲೆ ಕೊಡೋರು ಇನ್ನೂ ಇದಾರೆ.

ಅವರೂ ತಪಾಸಣೆ ಮಾಡಿಸಿದರು. ಡಫಿ ಗೊತ್ತು ಮಾಡಿದ ಮನುಷ್ಯ. ಬಂದ, ಒಂದು ಗಂಟೇಲಿ ಮುಗಿಸಿದ, "ವಯಸ್ಸಿಗೆ ತಕ್ಕ ಹಾಗಿದೆ" ಅಂತ ಬರೆದುಕೊಟ್ಟ. ನಾನೂ ವಯಸ್ಸಿಗೆ ತಕ್ಕ ಹಾಗೇ ಇದೀನಿ, ನನ್ನ ಹಿಂದೆ ಯಾರೂ ಟಾರ್ಚು ಬಿಡಲ್ಲ. ಸೋಫಾನ ಡಫಿ ಮತ್ತೆ ಅದರ ಜಾಗಕ್ಕೇ ಇಡಿಸಿದ್ದ. ಗೊತ್ತಿರೋ ದೋಷ ಏನಾದ್ರೂ ಇದೆಯಾ ಅಂತ ನನ್ನನ್ನೂ ಕೇಳಿದರು. ಇಲ್ಲ ಅಂದೆ. ನಾನೇನು ಇಂಜಿನಿಯರಾ?

ನೀನು ಇದರಲ್ಲಿ ಬಾಯಿ ಹಾಕಬೇಡ. ಹೊಲಿಗೆ ಮಿಷನ್ ಪಕ್ಕ ಮಲಗಿ ಆರು ತಿಂಗಳಾಯ್ತು.

ಲೊರೆಟ್ಟಾ

* * *

ಡುಕೇನ್
ಜನವರಿ 13, 1997

ಲೊರೆಟ್ಟಾ,

ನಾನು ವನೀಟಾ ಬೀಸ್ಲಿಯ ಮನೆಗೆ ಹೋಗಿದ್ದೆ. ಬೇರೆಯವರಿಂದ ನಿನಗೆ ಗೊತ್ತಾಗಬಾರದು ಎಂದು ನಾನೇ ಹೇಳುತ್ತಿದ್ದೇನೆ.

ಮೊದಲು ಕ್ರೇಗ್ ಫಾಗರ್ಟಿಯ ಅಪ್ಪಣೆ ಕೇಳಿದೆ. "ಹೋಗಿ ಹೇಳಿ, ಇಲ್ಲದಿದ್ದರೆ ನಾನೇ ಹೇಳ್ತೀನಿ" ಎಂದ. ಬೀಸ್ಲಿಯವರು ಈಗಿರುವುದು ನದಿಯಾಚೆ, ಬಾಡಿಗೆ ಮನೆಯ ಮೂರನೆಯ ಮಹಡಿ. ವನೀಟಾ ಬಾಗಿಲನ್ನು ಅರ್ಧ ತೆರೆದಳು. ಹೆಸರು ಹೇಳಿದೆ.

"ಓಹೋ, ನೀವೇನಾ? ನೀವು ಬರ್ತೀರ ಅಂತ ಡಫಿ ಮೊದಲೇ ಹೇಳಿದ್ರು," ಎಂದಳು.

"ಏನು ಹೇಳಿದರು?"

"ಮಾರೋವರಿಗೂ ನಿಮಗೂ ಜಗಳ. ಅವರ ಮನೆ ಮಾರಾಟ ಆಗಬಾರದು ಅಂತ ಹಠ ಹಿಡಿದಿದೀರ. ಒಂದು ಸಲ ಮುರಿದೂ ಆಯ್ತು."

ಜಗಳದ ಮಾತು ಡಫಿಗೆ ಯಾರು ಹೇಳಿದರು ಎಂದು ನಾನು ಕೇಳುವುದಿಲ್ಲ. ಅವಳಿಗೆ ಗೋಡೆಯ ವಿಷಯ ಹೇಳಿದೆ. ಬಿರುಕು ಎಲ್ಲಿದೆ, ಹೋಗಿ ಎಲ್ಲಿ ಟಾರ್ಚು ಬಿಡಬೇಕು, ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ತಣ್ಣಗೆ ಹೇಳಿದಳು:

"ನೋಡಿ, ನಮ್ಮಂಥ ಕಪ್ಪು ಜನ ಆ ಗುಡ್ಡದ ಮೇಲೆ ಮನೆ ಕೇಳೋದು ಇದು ಮೂರನೇ ಸಲ. ಪ್ರತಿ ಸಲಾನೂ ಯಾರೋ ಒಬ್ಬರು ಒಳ್ಳೆಯವರು ಬಾಗಿಲಿಗೆ ಬಂದು, ಆ ಮನೆ ನಿಮಗೆ ಆಗಿಬರಲ್ಲ ಅಂತಾರೆ. ಒಬ್ಬರು ಒಳಚರಂಡಿ ಅಂದ್ರು, ಇನ್ನೊಬ್ಬರು ಗೆದ್ದಲು ಅಂದ್ರು. ನೀವು ಗೋಡೆ ಅಂತೀರ. ನಾನು ದುಡ್ಡು ಕೊಟ್ಟು ತಪಾಸಣೆ ಮಾಡಿಸಿದೀನಿ. ಅವನು ಸರಿಯಿದೆ ಅಂದಿದಾನೆ."

ಅವಳ ಬಾಗಿಲಿಗೆ ಹಿಂದೆ ಬಂದವರೂ ನನ್ನ ಹಾಗೇ ಮಫ್ಲರ್ ಸುತ್ತಿಕೊಂಡು, ಇದೇ ದನಿಯಲ್ಲಿ ಮಾತಾಡಿರಬೇಕು. ಒಳಗಿನಿಂದ ಅವಳ ಅಪ್ಪ ಕೂಗಿದ: "ಆಯಮ್ಮನ್ನ ಚಳೀಲಿ ನಿಲ್ಲಿಸಬೇಡ ಮಗಳೇ." "ಅವರು ಹೊರಟ್ರು ಅಪ್ಪ," ಎಂದು ಅವಳು ಬಾಗಿಲು ಹಾಕಿದಳು.

ನನ್ನ ಮಾತನ್ನು ಅವಳು ನಂಬುವುದಿಲ್ಲ. ನಿನ್ನ ಮಾತು ನಂಬುತ್ತಾಳೆ. ನೋಂದಣಿಗೆ ಇನ್ನೂ ಎರಡು ವಾರವಿದೆ. ಒಂದು ಫೋನ್ ಮಾಡು. ನನ್ನ ಮುಖ ನೋಡಬೇಡ, ನನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಇರು, ಅವಳಿಗೆ ಮಾತ್ರ ಹೇಳು.

ಬರ್ನಡೆಟ್

* * *

ಕೊಲಂಬಸ್
ಫೆಬ್ರವರಿ 3, 1997

ಬರ್ನಡೆಟ್,

ನೋಂದಣಿ ಆಯ್ತು. ಬೀಗದ ಕೈ ಕೊಟ್ಟಾಯ್ತು. ಫ್ಲ್ಯಾಟಿಗೆ ಮುಂಗಡ ಕಟ್ಟಿದೆ, ಬೇಸಿಗೆ ಕೊನೆಗೆ ಖಾಲಿ ಮಾಡಿಕೊಡ್ತಾರೆ.

ನಾನು ಬದುಕಿರೋವಾಗ ನನ್ನ ಮನೆಗೆ ಹಾರೆ ಹಾಕೋಕೆ ಮನೆ ಮನೆ ಬಾಗಿಲು ತಟ್ಟಿದವಳು ನೀನು. ಇನ್ನು ಬರೀಬೇಡ.

ಲೊರೆಟ್ಟಾ ಹುಡಾಕ್

* * *

ಡುಕೇನ್
ಏಪ್ರಿಲ್ 22, 1997

ಲೊರೆಟ್ಟಾ,

ಬರೀಬೇಡ ಅಂದಿದ್ದೀ. ಬರೆಯಲೇಬೇಕಾಗಿದೆ.

ಶುಕ್ರವಾರದಿಂದ ಬಿಡದೆ ಮಳೆ. ಭಾನುವಾರ ಮಧ್ಯಾಹ್ನ ಗೋಡೆ ಬಿತ್ತು. ಎಲ್ಬರ್ಟ್ ಬೀಸ್ಲಿ ಕೆಳಗೆ ಟಿವಿ ನೋಡುತ್ತಿದ್ದ. ಮೊದಲು ಹಲಗೆ ಒಂದೊಂದಾಗಿ ಸಿಡಿದವಂತೆ. ಅವನು ಎದ್ದು ಮೆಟ್ಟಿಲ ತನಕ ಬಂದಿದ್ದಾನೆ. ಹಿಂದಿನಿಂದ ಇಟ್ಟಿಗೆಯೂ ಕೆಸರೂ ಬಂದು ಕಾಲನ್ನು ಹಿಡಿದುಕೊಂಡಿತು. ಜೀವ ಇದೆ. ಬಲಗಾಲು ಎರಡು ಕಡೆ ನುಜ್ಜಾಗಿದೆ. ಉಳಿಯುತ್ತದೋ ಇಲ್ಲವೋ ಡಾಕ್ಟರು ಇನ್ನೂ ಹೇಳಿಲ್ಲ.

ಸೈರನ್ ಕೇಳಿ ನಾನು ಓಡಿದೆ. ಆ ಸದ್ದು ಯಾವ ಮನೆಗೆ ಹೋಗುತ್ತಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಗ್ನಿಶಾಮಕದವರು ಮಹಡಿಗೆ ಒತ್ತುಗಂಬ ಕೊಡುತ್ತಿದ್ದರು. ವನೀಟಾ ರಸ್ತೆಯಲ್ಲಿ, ಮಳೆಯಲ್ಲಿ, ಅಪ್ಪನ ಒಂದು ಶೂ ಕೈಯಲ್ಲಿ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು.

"ನೀವು ಹೇಳಿದ್ರಿ," ಎಂದಳು.

ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ.

"ನಾನು ನಂಬೋ ಹಾಗೆ ಹೇಳೋಕೆ ಆಗ್ತಿರ್ಲಿಲ್ವಾ ನಿಮಗೆ?"

ಅದಕ್ಕೆ ಏನು ಹೇಳಬೇಕಿತ್ತು, ನೀನೇ ಹೇಳು.

ಬರ್ನಡೆಟ್

* * *

ಕೊಲಂಬಸ್
ಜೂನ್ 10, 1997

ಬರ್ನಿ,

ಆ ಮೇಷ್ಟರಮ್ಮ ನನ್ನ ಮೇಲೆ ಕೇಸು ಹಾಕಿದಾಳೆ. ಡಫಿ ಫೋನ್ ಎತ್ತುತ್ತಿಲ್ಲ. ಅವನ ತಪಾಸಣೆಯವನು "ಗೋಡೆ ಮುಂದೆ ಸೋಫಾ ಇತ್ತು, ನನಗೆ ಕಾಣಿಸಲಿಲ್ಲ" ಅಂತಾನಂತೆ. ಎಲ್ಲಾ ಸುತ್ತಿ ನನ್ನ ಕುತ್ತಿಗೆಗೇ ಬಂತು.

ನಿನ್ನನ್ನೂ ಕರೆಸ್ತಾರೆ ಅಂತ ನನ್ನ ವಕೀಲ ಹೇಳಿದ. ಫಾಗರ್ಟಿಗಳಿಗೆ ಹೇಳಿದ್ದನ್ನ ನೀನು ಹೇಳು, ನಾನು ಬೇಡ ಅನ್ನಲ್ಲ. ನನಗೂ ತಿಳಿಸಿದ್ದೆ ಅಂತ ಮಾತ್ರ ಹೇಳಬೇಡ. ಅಷ್ಟೇ ಕೇಳೋದು. ಮನೆ ಮಾರಿದ ದುಡ್ಡು ಬಿಟ್ಟರೆ ನನ್ನ ಹತ್ತಿರ ಇನ್ನೇನೂ ಇಲ್ಲ. ಈ ಅರವತ್ತಮೂರರಲ್ಲಿ ಮತ್ತೆ ಎಲ್ಲಿಂದ ಶುರು ಮಾಡಲಿ?

ಆಸ್ಪತ್ರೇಲಿ ನನ್ನ ಹೆರಿಗೆ ಹೊತ್ತಲ್ಲಿ ಆ್ಯಂಡಿ ಪಾಳಿ ಬಿಟ್ಟು ಬರೋಕೆ ಆಗದೇ ಇದ್ದಾಗ ನನ್ನ ಕೈ ಹಿಡ್ಕೊಂಡಿದ್ದು ನೀನು. ಅದನ್ನ ನೆನೆಸ್ಕೊಂಡು ಕೇಳ್ತಿದೀನಿ.

ಆ ಮುದುಕ ಹೇಗಿದಾನೆ? ಇಲ್ಲಿ ಯಾರೂ ನನಗೆ ಹೇಳ್ತಿಲ್ಲ.

ಲೊ.

* * *

ಡುಕೇನ್
ಜೂನ್ 16, 1997

ಲೊರೆಟ್ಟಾ,

ಕೇಳಿದರೆ ಹೇಳುತ್ತೇನೆ. ಕೇಳೇ ಕೇಳುತ್ತಾರೆ.

ಕಾಲು ಉಳಿಯಿತು. ಮಂಡಿ ಮಡಚುವುದಿಲ್ಲ. ಮೂವತ್ತು ವರ್ಷ ಬ್ರೇಕು ತುಳಿದ ಕಾಲಂತೆ. ಅವರು ಮತ್ತೆ ಆ ಮೂರನೆಯ ಮಹಡಿಗೇ ಹೋಗಿದ್ದಾರೆ. ಅವನು ಮಂಗಳವಾರ ಒಮ್ಮೆ ಇಳಿಯುತ್ತಾನೆ, ಡಾಕ್ಟರ ಹತ್ತಿರ ಹೋಗಲು.

ನೀನು ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನಾಗಿದ್ದರೂ ಕೇಳುತ್ತಿದ್ದೆನೇನೋ.

ಬರ್ನಡೆಟ್

* * *

ಕೊಲಂಬಸ್
ಸೆಪ್ಟೆಂಬರ್ 24, 1997

ಬರ್ನಡೆಟ್ ಸೋಯ್ಕಾ ಅವರಿಗೆ,

ವಕೀಲರ ಆಫೀಸಿನಲ್ಲಿ ಸಾಕ್ಷಿ ಕೊಡೋವಾಗ ನೀನು ನನ್ನ ಎದುರಿಗೇ ಕೂತು ಹೇಳಿದ್ದನ್ನ ಕೇಳಿದೆ. "ಲೊರೆಟ್ಟಾಗೆ ತಿಳಿಸಿದ್ರಾ?" "ತಿಳಿಸಿದೆ." "ಯಾವಾಗ?" "ಅಕ್ಟೋಬರಿನಲ್ಲಿ." ನನ್ನ ಕಡೆ ನೋಡ್ಕೊಂಡೇ ಹೇಳಿದೆ. ಬೇರೆ ಕಡೆ ನೋಡಿದ್ದರೂ ಆಗ್ತಿತ್ತು.

ಕೋರ್ಟಿನ ಹೊರಗೇ ರಾಜಿಯಾಗಿ ಮುಗೀತು. ಫ್ಲ್ಯಾಟು ಹೋಯ್ತು. ಉಳಿದದ್ದೂ ಹೋಯ್ತು. ಆ ಮುದುಕನಿಗೆ ಸಿಗಬೇಕಾದ್ದೇ ಅಂತ ಶ್ಯಾರನ್ ಅಂತಾಳೆ. ಇರಬಹುದು. ನನಗೆ ಉಪದೇಶ ಬೇಡ ಅಂದೆ.

ಈಗ ಬರೀತಿರೋ ವಿಷಯ ಬೇರೆ. ನಾನು ಇನ್ನು ಇಲ್ಲೇ ಇರೋದು ಅಂತಾದ ಮೇಲೆ, ಶ್ಯಾರನ್ನೂ ಕೀತೂ ಸ್ವಲ್ಪ ದೊಡ್ಡ ಮನೆ ನೋಡ್ತಿದಾರೆ. ಒಂದು ಒಪ್ಪಿಗೆಯಾಗಿದೆ. ಕೆಳಗೇ ನನಗೊಂದು ಕೋಣೆ. ತಪಾಸಣೆಗೆ ಯಾರನ್ನ ಕರೆಯೋದು ಅಂತ ಮಾತು ಬಂತು. ಬ್ರೋಕರು ನಾಲ್ಕು ಹೆಸರು ಕೊಟ್ಟ, ಎಲ್ಲಾ ಒಳ್ಳೆ ಜನ ಅಂದ.

ನಾನು ಒಬ್ಬರನ್ನೂ ಒಳಗೆ ಬಿಡಲ್ಲ ಅಂದೆ. ನೀನು ಬಾ.

ನನ್ನ ಹತ್ತಿರ ಮಾತಾಡಬೇಡ. ಮನೆ ನೋಡು, ಶ್ಯಾರನ್‌ಗೆ ಹೇಳು, ಹೋಗು.

ಲೊರೆಟ್ಟಾ ಹುಡಾಕ್

* * *

ಡುಕೇನ್
ಸೆಪ್ಟೆಂಬರ್ 29, 1997

ಲೊರೆಟ್ಟಾ ಹುಡಾಕ್ ಅವರಿಗೆ,

ಬರುವ ಹನ್ನೊಂದನೇ ತಾರೀಕು ಶನಿವಾರ ಬೆಳಿಗ್ಗೆ ಬರುತ್ತೇನೆ. ಅಷ್ಟು ದೂರ ಹೋಗಿ ಕೆಲಸ ಮಾಡಿ ರೂಢಿಯಿಲ್ಲ, ಆದರೂ ಬರುತ್ತೇನೆ. ನೀರು, ಕರೆಂಟು, ಗ್ಯಾಸು ಚಾಲೂ ಇರಲಿ. ಅಟ್ಟದ ಬಾಗಿಲ ಕೆಳಗೆ ಸಾಮಾನು ಇರಬಾರದು. ಶ್ಯಾರನ್, ಕೀತ್ ಇಬ್ಬರೂ ಕೊನೆಯವರೆಗೂ ನನ್ನ ಜೊತೆಗಿರಬೇಕು.

ಎಲ್ಲರಿಗೂ ಹಾಕುವ ಶುಲ್ಕವನ್ನೇ ಹಾಕುತ್ತೇನೆ. ವರದಿ ಅವರಿಬ್ಬರ ಹೆಸರಿಗೆ, ನಿನಗಲ್ಲ.

ಬರ್ನಡೆಟ್ ಸೋಯ್ಕಾ

* * *

ಕೊಲಂಬಸ್
ನವೆಂಬರ್ 2, 1997

ಬರ್ನಡೆಟ್,

ಆವತ್ತು ನಾನು ಮನೆ ಎದುರಿಗೆ ಕಾರಲ್ಲೇ ಕೂತಿದ್ದೆ. ಶ್ಯಾರನ್ "ಒಳಗೆ ಬಾಮ್ಮ, ಚಳಿ ಇದೆ" ಅಂತ ಎರಡು ಸಲ ಕರೆದಳು. ಕಂಬಳಿ ಸಾಕು ಅಂದೆ.

ನೀನು ಏಣಿ ಹತ್ತೋದು ನೋಡಿದೆ. ಎಡಗಾಲು ಎಳೀತಿತ್ತು. ಈ ವಯಸ್ಸಲ್ಲಿ ಚಾವಣಿ ಹತ್ತೋಳಿಗೆ ಬುದ್ಧಿ ಹೇಳೋರು ಯಾರೂ ಇಲ್ವಾ ಅನ್ನಿಸ್ತು. ಆಮೇಲೆ ನನ್ನದಾಗೋ ಕೋಣೆ ಕಿಟಕೀಲಿ ನಿನ್ನ ತಲೆ ಕಾಣಿಸ್ತು. ಅಲ್ಲಿ ಬಹಳ ಹೊತ್ತು ಇದ್ದೆ. ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಿದ್ದೆ. ಹೋಗೋವಾಗ ಕಾರಿನ ಹತ್ತಿರ ನಿಂತೆ. ನಾನು ಆ ಕಡೆ ತಿರುಗಿಕೊಂಡೆ.

ಹೊಗೆಗೂಡಿನ ತಲೆ ಕಟ್ಟಿಸಬೇಕು ಅಂದೆಯಂತೆ. ಬಚ್ಚಲಿನ ಕೊಳವೆ ಬದಲಾಯಿಸಬೇಕು ಅಂದೆಯಂತೆ. ಎರಡನ್ನೂ ಮಾರುವವರ ಕೈಲೇ ಮಾಡಿಸಿದರು. ಗೋಡೆಗಳು ನೆಟ್ಟಗಿವೆ, ನೆಲಮಾಳಿಗೆ ಒಣಗಿದೆ ಅಂದೆಯಂತೆ. ಕೀತ್ ಇನ್ನೊಬ್ಬರಿಗೂ ತೋರಿಸೋಣವಾ ಅಂದ. ಬೇಡ, ಅವಳು ನೆಟ್ಟಗಿದೆ ಅಂದ ಮೇಲೆ ನೆಟ್ಟಗಿರತ್ತೆ ಅಂದೆ.

ಮೊನ್ನೆ ಗುರುವಾರ ಬಂದು ಸೇರಿದ್ವಿ. ರಾತ್ರಿಯೆಲ್ಲ ಮಳೆ ಹುಯ್ತು. ನಾನು ನಿದ್ದೆ ಮಾಡಿದೆ. ಆ ಬೀಸ್ಲಿ ಮುದುಕ ಮಳೆ ಬಂದ್ರೆ ನಿದ್ದೆ ಮಾಡ್ತಾನೋ ಇಲ್ವೋ, ಬೆಳಿಗ್ಗೆ ಎದ್ದಾಗ ಅದೇ ತಲೇಲಿ ಬಂತು.

ಹೊಸ ಮನೆ ವಿಳಾಸ ನಿನಗೆ ಗೊತ್ತಿದೆ. ಕಾಗದ ಹಾಕಬೇಡ.

ಲೊರೆಟ್ಟಾ ಹುಡಾಕ್